ಪದಚರ್ಚೆ: ‘ವ್ಯಾಕ್ಸಿನ್ ಇಂಜುರಿ ಕಾಂಪೆನ್ಸೇಷನ್’ಗೆ ಕನ್ನಡವೇನು?

ಬಳಗದವರಿಗೆ ನಮಸ್ಕಾರ. ಲಸಿಕೆ ಹಾಕಿಸಿಕೊಂಡದ್ದರಿಂದ ದೇಹಕ್ಕೆ ಊನವಾಯಿತೆಂದು ಅರ್ಜಿ ಹಾಕುವವರಿಗಾಗಿ ಅಮೆರಿಕದಲ್ಲಿರುವ 1986ರ ಕಾಯ್ದೆಯ ಬಗ್ಗೆ ಕಾನೂನು ಕೈಪಿಡಿಯೊಂದಕ್ಕೆ ಎರಡು ಪುಟ ಅನುವಾದಿಸುತ್ತಿದ್ದೇನೆ. ಕರಡಿನಲ್ಲಿರುವ ‘ಲಸಿಕಾಗಾಯ ನಷ್ಟಪರಿಹಾರ’ ಕಿವಿಗೆ ಒಗ್ಗುತ್ತಿಲ್ಲ. ಪುಟಗಳು ನಾಳೆ ಅಚ್ಚಿಗೆ ಹೋಗಬೇಕಾಗಿರುವುದರಿಂದ ಬೇಗ ತಿಳಿಸಿದರೆ ಉಪಕಾರವಾಗುತ್ತದೆ.
— ಶಿವಮೊಗ್ಗದಿಂದ

ತೊಡಕು ‘ಲಸಿಕೆ’ಯಿಂದಲೇ ಶುರುವಾಗುತ್ತದೆ. ಸಂಸ್ಕೃತದ ಲಸಿಕಾ ಎಂದರೆ ಮೈಯೊಳಗಿನ ತಿಳಿರಸ. ಮದ್ದಿಗೆ ಆ ಹೆಸರನ್ನು ಅಂಟಿಸಿದವರು ಪಂಡಿತರು. ನಮ್ಮ ಹಿರಿಯರು ಸಿಡುಬಿಗೆ ದಾಕು ಹಾಕಿಸುತ್ತಿದ್ದರು. ‘ದಾಕುಕೇಡು’ ಎನ್ನಿ, ಸಾಕು.
— ತೀರ್ಥಹಳ್ಳಿಯಿಂದ

ದಾಕು ಸಿಡುಬಿನೊಂದಿಗೇ ಹೋಯಿತು. ಮಂಗನ ಕಾಯಿಲೆಗೆ ಕೊಡುತ್ತಿದ್ದುದನ್ನೂ ನಮ್ಮ ಕಡೆ ಲಸಿಕೆ, ಚುಚ್ಚುಮದ್ದು ಎಂದೇ ಕರೆದರು. ಆ ಚರ್ಚೆ ಇಲ್ಲಿ ಅನಗತ್ಯ. ‘ಗಾಯ’ ಎಂದರೆ ಸೂಜಿ ಚುಚ್ಚಿದ ಜಾಗ ನೆನಪಾಗುವುದರಿಂದ ‘ಹಾನಿ’ ಇರಲಿ. ಮುಖ್ಯವಾದದ್ದು ‘ನಷ್ಟಪರಿಹಾರ’. ಎದುರಾಳಿಯ ತಪ್ಪನ್ನು ಸಾಬೀತುಪಡಿಸಿ ಸಿವಿಲ್ ನ್ಯಾಯಾಲಯದಲ್ಲಿ ಪಡೆಯುವುದಕ್ಕೆ ಆ ಮಾತು ಸಲ್ಲುತ್ತದೆ. ಅಮೆರಿಕದ ಏರ್ಪಾಟಿನಲ್ಲಿ ಕಂಪನಿಯ ತಪ್ಪನ್ನು ತೋರಿಸಬೇಕಾಗಿಲ್ಲ. ಲಸಿಕೆ ತಡೆಯುವ ಒಂದೊಂದು ರೋಗಕ್ಕೂ 75 ಸೆಂಟ್‌ನಂತೆ ವಸೂಲಾಗುವ ತೆರಿಗೆಯ ನಿಧಿಯಿಂದ ಹಣ ಬರುತ್ತದೆ. ಹಾಗಾಗಿ ಬರಿಯ ‘ಪರಿಹಾರ’ ಸಾಕು. ಆನೆ ತುಳಿದಾಗ ಅರಣ್ಯ ಇಲಾಖೆ ಕೊಡುವ ‘ದಯಾತ್ಮಕ ಧನ’ವೂ ಇದಲ್ಲ, ಏಕೆಂದರೆ ಇದು ಹಕ್ಕಿನಿಂದ ಕೇಳುವ ಹಣ. ಕೋವಿಡ್ ಲಸಿಕೆಯ ವಿಷಯದಲ್ಲಿ ನಮ್ಮ ಕೇಂದ್ರ ಸರ್ಕಾರವು 2022ರಲ್ಲಿ ಸುಪ್ರೀಂ ಕೋರ್ಟಿಗೆ, ತೊಂದರೆಯಾದವರು ಸಿವಿಲ್ ದಾವೆ ಹೂಡಬಹುದೆಂದು ಹೇಳಿತಷ್ಟೆ. ಆ ಸಂದರ್ಭಕ್ಕಾದರೆ ‘ನಷ್ಟಪರಿಹಾರ’ವೇ ಸರಿ. ಇನ್ನೊಂದು ಮಾತು: ಕಾಯ್ದೆಯ ಪಟ್ಟಿಯಲ್ಲಿರುವ ತೊಂದರೆ ಗೊತ್ತುಪಡಿಸಿದ ಅವಧಿಯೊಳಗೆ ಕಾಣಿಸಿಕೊಂಡರೆ ಲಸಿಕೆಯೇ ಕಾರಣವೆಂದು ಭಾವಿಸಿಕೊಳ್ಳಲಾಗುತ್ತದೆ, ಉಳಿದವುಗಳಲ್ಲಿ ಅರ್ಜಿದಾರನೇ ಅದನ್ನು ತೋರಿಸಬೇಕು. ಆದ್ದರಿಂದ ತೀರ್ಪಿಗೆ ಮುಂಚೆ ‘ಲಸಿಕೆಯಿಂದ ಆದ’ ಎನ್ನದೆ ‘ಆಯಿತೆನ್ನಲಾದ’ ಎಂದೇ ಬರೆಯಿರಿ. ಶೀರ್ಷಿಕೆಗೆ ‘ಲಸಿಕೆಹಾನಿ ಪರಿಹಾರ’.
— ಸಾಗರದಿಂದ

ಬೆಳೆಹಾನಿ ಎಂದರೆ ಬೆಳೆಗಾದ ಹಾನಿ. ಲಸಿಕೆಹಾನಿ ಎಂದರೆ ಸೀಸೆ ಒಡೆಯಿತೇ? ಎರವಲು ಪದಗಳನ್ನು ಹೊಲಿದರೆ ಆಗುವುದೇ ಹೀಗೆ.
— ತೀರ್ಥಹಳ್ಳಿಯಿಂದ

ಮಳೆಹಾನಿ ಪರಿಹಾರಕ್ಕೆ ಪ್ರತಿ ವರ್ಷ ಅರ್ಜಿ ಬರೆಯುವ ನಮ್ಮ ಸೀಮೆಯಲ್ಲಿ, ಹಾನಿಯಾದದ್ದು ಮಳೆಗೆ ಎಂದು ಯಾರೂ ತಿಳಿದಿಲ್ಲ. ‘ಮಳೆಯಿಂದ ಆದ ಹಾನಿ’ ಎಂದು ಬಿಡಿಸುವ ತೃತೀಯಾ ತತ್ಪುರುಷ ಸಮಾಸವನ್ನು ತಾವು ಬಲ್ಲಿರಿ. ‘ದಾಕುಕೇಡು’ ಕೂಡ ಅದೇ ಸಮಾಸ.
— ಸಾಗರದಿಂದ

‘ಲಸಿಕೆಹಾನಿ ಪರಿಹಾರ’ ಎಂದು ತಿದ್ದಿ ಕಳುಹಿಸುತ್ತಿದ್ದೇನೆ. ಒಳಗಿನ ಪುಟದಲ್ಲಿ ‘ಎನ್ನಲಾದ’ ಇರುತ್ತದೆ.
— ಶಿವಮೊಗ್ಗದಿಂದ