ನಾಯಿಗೆ 20 ದಿನದಿಂದ ಹೊಟ್ಟೆ ಸರಿ ಇಲ್ಲ, ಅನುಭವ ಇದ್ದವರು ಹೇಳಿ

ನೀರ್ಚಾಲಿನವ:
ನಮ್ಮ ಕರಿಯ ಊರ ನಾಯಿ, ಎರಡೂವರೆ ವರ್ಷ, 18 ಕಿಲೋ. ಬೆಳಿಗ್ಗೆ ಗಟ್ಟಿಯಾಗಿಯೇ ಹೋಗ್ತಾನೆ. ಮಧ್ಯಾಹ್ನದ ಮೇಲೆ ಸಗಣಿ ಹಾಗೆ, ಕೊನೆಗೆ ಮುಕ್ಕಿ ಮುಕ್ಕಿ ಒಂದು ಚಮಚ ಲೋಳೆ. ಎರಡು ಸರ್ತಿ ಅದರಲ್ಲಿ ಕೆಂಪು ಗೆರೆ ಇತ್ತು. ಉಣ್ತಾನೆ, ತೋಟದಲ್ಲಿ ಮಂಗ ಓಡಿಸ್ತಾನೆ. ಹುಳದ ಮಾತ್ರೆ ಜೂನಿನಲ್ಲಿ ಆಗಿದೆ. ಹೀಗೆ ಆದವರು ಕಾರಣ ಹೇಗೆ ಕಂಡುಹಿಡಿದಿರಿ?

ಪೆರ್ಲದ ಅಕ್ಕ:
ನಾನು ಎಲ್ಲ ಬರೆದಿಟ್ಟಿದ್ದೇನೆ, ಹಾಲಿನ ಸೊಸೈಟಿ ಪುಸ್ತಕದ ಹಿಂಬದಿಯಲ್ಲಿ. ನಮ್ಮ ಬೊಳ್ಳನಿಗೆ ಎರಡು ತಿಂಗಳು ಇದೇ ಪಾಡು. ಮೊದಲ ಸ್ಯಾಂಪಲ್ ಜೇನಿನ ಬಾಟ್ಲಿಯಲ್ಲಿ ಹಾಕಿ ಬಸ್ಸಿನಲ್ಲಿ ತಗೊಂಡು ಹೋದೆ. ಬೆಳಿಗ್ಗೆ 6ಕ್ಕೆ ಹೆಕ್ಕಿದ್ದು, ಲ್ಯಾಬಿನವ ನೋಡಿದ್ದು 12 ದಾಟಿದ ಮೇಲೆ. "ಏನೂ ಇಲ್ಲ." 150 ರೂಪಾಯಿ, ಹಿಂದೆ ಬರುವಾಗ ಆಟೋಗೆ 220. ಒಬ್ಬ ಡಾಕ್ಟರು ಮುಟ್ಟಿಯೂ ನೋಡದೆ ಮೆಟ್ರೊನಿಡಜೋಲ್ ಬರೆದರು. ಐದು ದಿನ ಚಂದ, ಆರನೆಯ ದಿನ ಪುನಃ ಶುರು. ಎರಡನೆಯ ಸ್ಯಾಂಪಲಿನಲ್ಲೂ ಏನೂ ಇಲ್ಲ. ಮತ್ತೆ ಸಿಕ್ಕಿದ ಡಾಕ್ಟರಮ್ಮ ಹೇಳಿದ್ದು, ಇದು ಜಿಯಾರ್ಡಿಯಾ ಇರಬಹುದು, ಕರುಳಿನಲ್ಲಿ ಇರುವ ಕಣ್ಣಿಗೆ ಕಾಣದ ಪರಾವಲಂಬಿ, ದಿನಾಲೂ ಹೊರಗೆ ಬೀಳುವುದಿಲ್ಲ, ದಿನ ಬಿಟ್ಟು ದಿನ ಮೂರು ಸ್ಯಾಂಪಲ್ ತನ್ನಿ, ಬಿಸಿ ಆರುವ ಮೊದಲು ತನ್ನಿ, ಈಜಾಡುವ ರೂಪದ್ದು ಹೊತ್ತಾದರೆ ಸತ್ತು ಕಾಣುವುದೇ ಇಲ್ಲ ಅಂತ. ಮೂರನೆಯದರಲ್ಲಿ ಸಿಕ್ಕಿತು. ಫೆನ್‌ಬೆಂಡಜೋಲ್ ಐದು ದಿನ. ಕೊನೆಯ ದಿನ ಹಿಂಭಾಗ ಸೋಪು ಹಾಕಿ ತೊಳೆಯಬೇಕು, ರೋಮಕ್ಕೆ ಹಿಡಿದದ್ದನ್ನು ಅವನೇ ನೆಕ್ಕಿ ಪುನಃ ಒಳಗೆ ತಗೊಳ್ತಾನೆ. ಇಷ್ಟಾದರೂ ಮೂರು ವಾರದಲ್ಲಿ ಮರುಕಳಿಸಿತು! ಗುಡ್ಡ ಕೊರೆದು ನೀರು ತೆಗೆಯುವ ನಮ್ಮ ಸುರಂಗದ ಬುಡದಲ್ಲಿ ನೀರು ನಿಲ್ಲುವ ಗುಂಡಿ ಉಂಟು, ಹಂದಿ, ಮುಳ್ಳುಹಂದಿ ಎಲ್ಲ ಬರುವ ಜಾಗ. ಇವ ಕುಡಿಯುವುದು ಅಲ್ಲಿಂದ. ಬೇಲಿ ಹಾಕಿಸಿದ ಮೇಲೆ ನಿಂತಿತು. ಬೇಲಿಯದ್ದು ಬಿಟ್ಟು 4,870.

ಬೇಳದವ:
ಅಕ್ಕ, ಊಟ ಮಾಡ್ತಾ ಓದಿದೆ. ಸ್ವಲ್ಪ ಮರ್ಯಾದೆಯ ಶಬ್ದ ಬಳಸಬಹುದಿತ್ತು.

ಪೆರ್ಲದ ಅಕ್ಕ:
ಹೇಲು ಅಂತ ನಾನು ಇನ್ನೂ ಬರೆಯಲೇ ಇಲ್ಲ. ಈಗ ಬರೆದೆ. ನಾಯಿ ಸಾಕುವವರು ಊಟದ ಹೊತ್ತಿಗೆ ಇದನ್ನು ಯಾಕೆ ತೆರೆದದ್ದು?

ಮುಳ್ಳೇರಿಯದ ತೋಟದವ:
ಇಷ್ಟೆಲ್ಲ ರಗಳೆ ಯಾಕೆ ಮಾರಾಯ್ರೆ. ನಮ್ಮ ಅಜ್ಜನ ಕಾಲದಿಂದ ಅಡಿಕೆ ಪುಡಿ ಬೆಲ್ಲದಲ್ಲಿ ಉಂಡೆ ಮಾಡಿ ಹಾಕುವುದು. ಹೋದ ವರ್ಷ ಜಿಮ್ಮಿಯ ಬಾಲದ ಬುಡದಲ್ಲಿ ಅನ್ನದ ಅಗುಳಿನ ಹಾಗೆ ಬಿಳಿ ಬಿಳಿ ಹರಿದಾಡ್ತಿತ್ತು. ಒಂದು ಉಂಡೆ, ಒಂದು ಗಂಟೆ, ಮೊಳ ಉದ್ದದ ಲಾಡಿ ಹುಳ ಹೊರಗೆ. ಖರ್ಚು ಸೊನ್ನೆ.

ಕುಂಬಳೆ ಮಾಷ್ಟ್ರು:
ಇದನ್ನು ಯಾರೂ ಮಾಡಬೇಡಿ. ಅಡಿಕೆಯ ಅರಿಕೊಲಿನ್ ಹುಳಕ್ಕೆ ಅಮಲು ಬರಿಸಿ ಕರುಳನ್ನು ಹಿಂಡುತ್ತದೆ, ಅದು ಸತ್ಯವೇ. ನ್ಯೂಜಿಲೆಂಡಿನಲ್ಲಿ ಕುರಿ ಕಾಯುವ ನಾಯಿಗಳಿಗೆ ಹೈಡಾಟಿಡ್ ಅನ್ನುವ ಲಾಡಿ ಹುಳ ತೆಗೆಯಲು ವರ್ಷಾನುಗಟ್ಟಲೆ ಅದನ್ನೇ ಕೊಟ್ಟರು, ಅಳೆದು ತೂಗಿ. ಲಾಡಿ ಹುಳದ ಹೊಸ ಮದ್ದು ಪ್ರಾಜಿಕ್ವಾಂಟೆಲ್ ಬಂದ ಮೇಲೆ ಬಿಟ್ಟರು. ಅಳತೆ ತಪ್ಪಿದರೆ ಜೊಲ್ಲು, ವಾಂತಿ, ಎದೆಬಡಿತ ಇಳಿದು ನಾಯಿ ಬೀಳ್ತದೆ. ಒಂದು ಅಡಿಕೆಯಲ್ಲಿ ಎಷ್ಟುಂಟು ಅಂತ ನಿಮ್ಮ ಅಜ್ಜ ಅಳೆದಿದ್ದರಾ? ಆ ಅಗುಳು ಬರುವುದು ಚಿಗಟ ನುಂಗಿ. ಚಿಗಟ ತೆಗೆಯದೆ ಹುಳ ಮಾತ್ರ ತೆಗೆದರೆ ಎರಡು ತಿಂಗಳಿಗೆ ಪುನಃ ಹಾಜರು. ನೀರ್ಚಾಲಿನವರೇ, ಜೂನಿನ ಮಾತ್ರೆಯ ಚೀಟಿ ನೋಡಿ. ಪೈರಾಂಟೆಲ್ ಮತ್ತು ಪ್ರಾಜಿಕ್ವಾಂಟೆಲ್ ಎರಡೇ ಇದ್ದರೆ ದೊಡ್ಡ ಕರುಳಿನಲ್ಲಿ ಇರುವ ಚಾಟಿಹುಳಕ್ಕೆ (ವಿಪ್‌ವರ್ಮ್) ತಾಗುವುದಿಲ್ಲ. ಫೆಬಾಂಟೆಲ್ ಸೇರಿರಬೇಕು. ಲೋಳೆ, ಮುಕ್ಕುವುದು, ಹಸಿ ರಕ್ತದ ಗೆರೆ, ಇದೆಲ್ಲ ದೊಡ್ಡ ಕರುಳಿನ ಲಕ್ಷಣ. ಡಾಂಬರಿನ ಹಾಗೆ ಕಪ್ಪಾದರೆ ಮೇಲಿನದು, ಆಗ ಒಂದು ದಿನವೂ ಕಾಯಬೇಡಿ.

ಮುಳ್ಳೇರಿಯದ ತೋಟದವ:
ಜಿಮ್ಮಿ ಗಟ್ಟಿಮುಟ್ಟಾಗಿ ಅಂಗಳದಲ್ಲಿ ಉಂಟು. ಬಂದು ನೋಡಿ ಮಾಷ್ಟ್ರೇ.

ಮಂಜೇಶ್ವರದವಳು:
ಎಲ್ಲ ಹುಳ ಹುಳ ಅಂತೀರಿ. ನಮ್ಮ ಶೆಫರ್ಡಿಗೆ ಆರು ಸರ್ತಿ ಹುಳದ ಮಾತ್ರೆ ತಿನ್ನಿಸಿದೆವು. ಎರಡು ನಾಯಿಯಷ್ಟು ತಿನ್ನುವುದು, ಮೈಯಲ್ಲಿ ಎಲುಬು ಎಣಿಸಬಹುದು. ರಾಶಿ ರಾಶಿ ಬೂದು ಬಣ್ಣ, ಎಣ್ಣೆ ಹಚ್ಚಿದ ಹಾಗೆ ಹೊಳಪು, ಹಾಕಿದ್ದನ್ನು ತಿರುಗಿ ತಿನ್ನುವುದು. ಮೊದಲನೆಯವರು "ಕೊಬ್ಬು" ಅಂದರು, ಎರಡನೆಯವರು "ಸಹವಾಸದೋಷ" ಅಂದರು, ನಾಯಿಗೆ! ಕೊನೆಗೆ ಮಂಗಳೂರಿನಲ್ಲಿ 12 ಗಂಟೆ ಉಪವಾಸ ಹಾಕಿ ಟಿಎಲ್‌ಐ ಅಂತ, ಮೇದೋಜೀರಕ ಗ್ರಂಥಿಯ ಕೆಲಸ ನೋಡುವ ರಕ್ತಪರೀಕ್ಷೆ. ರಕ್ತ ಹೊರಗೆ ಕಳಿಸಿದ್ದಕ್ಕೆ 5,200, ಹತ್ತು ದಿನ ಕಾದೆವು. ಆ ಗ್ರಂಥಿ ಜೀರ್ಣದ ರಸವೇ ಬಿಡ್ತಿಲ್ಲ. ಸಾಯುವವರೆಗೆ ಪ್ರತಿ ಊಟಕ್ಕೆ ಕಿಣ್ವದ ಪುಡಿ, ತಿಂಗಳಿಗೆ 3,400. ಮೇಲೆ ಬಿ12 ಇಂಜೆಕ್ಷನ್. ಪುಡಿ ಸಿಗದ ತಿಂಗಳು ಆಡಿನ ಹಸಿ ಗ್ರಂಥಿಯೇ ಹಾಕಿ ಅಂದರು. ನಮ್ಮದು ಈರುಳ್ಳಿ ಕೂಡ ಒಳಗೆ ಬಾರದ ಮನೆ. ಉಪ್ಪಳದ ಕಸಾಯಿ ಅಂಗಡಿಯಲ್ಲಿ ನಿಂತು "ಅದು, ಹೊಟ್ಟೆಯ ಹಿಂದೆ ಇರ್ತದಲ್ಲ" ಅಂತ ಕೈಯಲ್ಲಿ ತೋರಿಸಿದೆ. ಅತ್ತೆ ನಾಲ್ಕು ದಿನ ಮಾತಾಡಲಿಲ್ಲ. ಈಗ 31 ಕಿಲೋ ಇದ್ದಾನೆ.

ಬದಿಯಡ್ಕದವ:
ಪೆಡಿಗ್ರಿ ನಾಯಿ ತಂದವರಿಗೆ ಇದು ಬೇಕು. ನಮ್ಮದಕ್ಕೆ ಕುಚ್ಚಲಕ್ಕಿ ಗಂಜಿ, ಬೂತಾಯಿ ಮೀನು. ಒಂದು ಪೈಸೆ ಡಾಕ್ಟರಿಗೆ ಹಾಕ್ಲಿಲ್ಲ.

ಮಂಜೇಶ್ವರದವಳು:
ಹೋದ ದೀಪಾವಳಿಗೆ ಕೋಳಿ ಎಲುಬು ಹಾಕಿ ಸುಣ್ಣದಕಡ್ಡಿ ಹಾಗೆ ಬಿಳಿ ಗಟ್ಟಿಯಾಗಿ ಸಿಕ್ಕಿಬಿದ್ದು ರಾತ್ರಿ ಎನಿಮಾ ಕೊಡಿಸಿದ್ದು ಯಾರ ನಾಯಿಗೆ ಅಣ್ಣ? ಇಲ್ಲೇ ನೀವೇ ಬರೆದಿದ್ರಿ.

ಬದಿಯಡ್ಕದವ:
ಅದು ನೆಂಟರು ಹಾಕಿದ್ದು.

ಹೊಸಂಗಡಿಯವ:
ನಿಮ್ಮದೆಲ್ಲ ಬದುಕಿದ ನಾಯಿಗಳ ಜಗಳ. ನನ್ನದು 2020ರ ಎಪ್ರಿಲ್. ಲಾಕ್‌ಡೌನ್ ಅಂತ ಕೇರಳ ಕರ್ನಾಟಕ ಗಡಿಯ ತಲಪಾಡಿಯಲ್ಲಿ ದಾರಿಗೆ ಮಣ್ಣು ಹಾಕಿದ್ದರು, ಮಂಗಳೂರು ಕಣ್ಣಿಗೆ ಕಾಣ್ತಿತ್ತು, ಕಾಲಿಗೆ ಸಿಗ್ತಿರಲಿಲ್ಲ. ಮೂರು ತಿಂಗಳ ಮರಿ. ಎರಡನೆಯ ಚುಚ್ಚುಮದ್ದು ಎಂಟು ದಿನ ತಡ ಆಗಿತ್ತು, ಅಷ್ಟೇ. ಬೆಳಿಗ್ಗೆ ವಾಂತಿ, ಸಂಜೆಗೆ ನೀರು. ಫೋನಿನಲ್ಲಿ ಒಬ್ಬರು "ಮೊಸರನ್ನ ಹಾಕಿ, ಸರಿಯಾಗ್ತದೆ" ಅಂದರು. ಹಾಕಿದೆ. ಮರುದಿನ ರಕ್ತ. ಮರಿಗಳಿಗೆ ಬರುವ ಪಾರ್ವೊ ಕಾಯಿಲೆ, ಅದರ ಆ ವಾಸನೆ ಒಂದು ಸರ್ತಿ ಮೂಗಿಗೆ ಬಿದ್ದರೆ ಮತ್ತೆ ಮರೆಯುವುದಿಲ್ಲ. ಪರಿಚಯದ ಕಂಪೌಂಡರು ಬಂದು ದನದ ಕೊಟ್ಟಿಗೆಯ ಹಗ್ಗಕ್ಕೆ ಬಾಟ್ಲಿ ಕಟ್ಟಿ ಡ್ರಿಪ್ ಕೊಟ್ಟರು. ನಾಲ್ಕನೆಯ ದಿನ ಹೋಯಿತು. ಅದರ ವೈರಸ್ ಮಣ್ಣಿನಲ್ಲಿ ವರ್ಷಗಟ್ಟಲೆ ಇರ್ತದಂತೆ, ಅಂಗಳಕ್ಕೆಲ್ಲ ಬ್ಲೀಚ್ ಸುರಿದೆ, ತುಳಸಿ ಕೂಡ ಸತ್ತಿತು. ಇನ್ನೂ ಬೇರೆ ಮರಿ ತಂದಿಲ್ಲ.

ಬದಿಯಡ್ಕದವ:
ಪಾಪ. ಆದರೆ ಇವರು ಕೇಳಿದ್ದು ದೊಡ್ಡ ನಾಯಿಯದ್ದು ಅಲ್ವಾ. ಅದೂ ಕಾಸರಗೋಡಿನಲ್ಲೇ ಆಸ್ಪತ್ರೆ ಇಲ್ವಾ? ಎಲ್ಲದಕ್ಕೂ ಮಂಗಳೂರೇ ಯಾಕೆ ಬೇಕು ನಿಮಗೆ?

ಹೊಸಂಗಡಿಯವ:
ಲಾಕ್‌ಡೌನಿನಲ್ಲಿ ಮರಿ ಎತ್ತಿಕೊಂಡು ನೀವು ಹೋಗಿ ತೋರಿಸಿ. ಬಾಯಿ ಇದೆ ಅಂತ ಮಾತಾಡಬೇಡಿ.

ಪೆರ್ಲದ ಅಕ್ಕ:
ಇಲ್ಲಿಯ ಡಾಕ್ಟರುಗಳಿಗೆ ದನದ ಕೆಚ್ಚಲು ಬಾವು ಅಂದರೆ ಕಣ್ಣು ಮುಚ್ಚಿ ಮದ್ದು ಗೊತ್ತು, ಸುಳ್ಳು ಹೇಳಬಾರದು. ನಾಯಿ ಅಂದ ಕೂಡಲೇ ಮುಖ ಸಣ್ಣ ಆಗ್ತದೆ. ಚೀಟಿಯೂ ಮಲಯಾಳದಲ್ಲಿ. "ವಿರ" ಅಂತ ಬರೆದದ್ದನ್ನು ನಮ್ಮವರು ವಿರಾಮ ಅಂತ ಓದಿ ನಾಯಿಯನ್ನು ಎರಡು ದಿನ ಕಟ್ಟಿ ಹಾಕಿದ್ದರು. ಹುಳಕ್ಕೆ ಹಾಗೆ ಹೇಳುವುದಂತೆ.

ಬೇಳದವ:
50 ವರ್ಷ ಇಲ್ಲಿ ಇದ್ದು ಅಷ್ಟು ಮಲಯಾಳ ಬಾರದಿದ್ದರೆ ಚೀಟಿಯ ತಪ್ಪಾ?

ಪೆರ್ಲದ ಅಕ್ಕ:
ಊಟ ಮುಗಿಯಿತಾ ನಿಮ್ಮದು?

ನೀರ್ಚಾಲಿನವ:
ಮಾಷ್ಟ್ರೇ, ಚೀಟಿ ನೋಡಿದೆ, ಎರಡೇ ಹೆಸರು ಇರುವುದು. ಫೆಬಾಂಟೆಲ್ ಇಲ್ಲ. ನಾಳೆ ಬೆಳಿಗ್ಗೆ ಬಿಸಿಯದ್ದೇ ತಗೊಂಡು ಹೋಗ್ತೇನೆ. ಇನ್ನೊಂದು ವಿಷಯ, ತೋಟಕ್ಕೆ ಮದ್ದು ಬಿಟ್ಟದ್ದು ಸರಿಯಾಗಿ 22 ದಿನದ ಹಿಂದೆ. ಮೈಲುತುತ್ತು, ಸುಣ್ಣ ಕಲಸಿದ ಬೋರ್ಡೋ ಡ್ರಮ್ಮಿನ ಅಡಿ ಅವ ನೆಕ್ಕಿರಬಹುದಾ?

ಕುಂಬಳೆ ಮಾಷ್ಟ್ರು:
ಮೈಲುತುತ್ತು ಹೊಟ್ಟೆಗೆ ಹೋದರೆ ಮೊದಲು ನೀಲಿ ಹಸಿರು ವಾಂತಿ ಕಾಣ್ತದೆ, ಅದೂ ಅದೇ ದಿನ. 20 ದಿನ ಹೀಗೆ ಎಳೆಯುವುದಿಲ್ಲ. ಆದರೂ ಡಾಕ್ಟರಿಗೆ ಹೇಳಿ.

ಮುಳ್ಳೇರಿಯದ ತೋಟದವ:
ಅಡಿಕೆ ಒಂದು ಸರ್ತಿ ನೋಡಬಹುದಿತ್ತು.

ಕುಂಬಳೆ ಮಾಷ್ಟ್ರು:
ನಿಮಗೆ ಹೇಳಿದ್ದು ಅರ್ಥ ಆಗುವುದಿಲ್ವಾ? ಅದೂ ಯಾವ ಅಡಿಕೆ, ಹಳೆ ಚಾಲಿಯಾ?

ಮುಳ್ಳೇರಿಯದ ತೋಟದವ:
ಅಷ್ಟು ರೇಟಿನ ಹಳೆ ಚಾಲಿ ನಾಯಿಗೆ ಹಾಕ್ಲಿಕ್ಕೆ ನನಗೆ ಹುಚ್ಚಾ? ರೇಟಿಗೆ ಬಾರದ ಕರಿಗೋಟು.