ಕಾದ ಗುಂಡು ಚಾದರವನ್ನು ಹೆಚ್ಚು ತಗ್ಗಿಸುತ್ತದೆಯೇ?

ಸುರಪುರದ ವಿಜ್ಞಾನ ಶಿಕ್ಷಕಿ:
ಯಾದಗಿರಿ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಮೊನ್ನೆ ಒಂಬತ್ತನೇ ತರಗತಿಯಲ್ಲಿ ನಾಲ್ವರು ಮಕ್ಕಳ ಕೈಗೆ ಚಾದರದ ನಾಲ್ಕು ತುದಿ ಕೊಟ್ಟು, ನಡುವೆ ಆಟದ ಕೋಣೆಯ 4 ಕಿಲೋ ಕಬ್ಬಿಣದ ಗುಂಡನ್ನಿಟ್ಟು, ಸುತ್ತ ಗೋಲಿ ಉರುಳಿಸಿ, ಗುರುತ್ವವೆಂದರೆ ದೇಶಕಾಲ, ಅಂದರೆ ಜಾಗ ಮತ್ತು ಕಾಲ ಒಟ್ಟಾಗಿ, ಬಾಗುವುದು; ಅದು ಬಾಗುವುದು ಹೀಗೆ ಎಂದೆ. ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. ಚಾದರವನ್ನು ಕೆಳಕ್ಕೆ ಜಗ್ಗಿದ್ದು ಭೂಮಿಯ ಗುರುತ್ವವೇ ಅಲ್ಲವೇ, ಗುರುತ್ವವನ್ನು ಗುರುತ್ವದಿಂದಲೇ ವಿವರಿಸಿದಂತಾಯಿತಲ್ಲ ಎಂದಳು. ಕುಳಿತವಳು ಮತ್ತೆ ಎದ್ದು, ಗುಂಡನ್ನು ಒಲೆಯಲ್ಲಿ ಕಾಯಿಸಿ ಇಟ್ಟರೆ ಇನ್ನಷ್ಟು ತಗ್ಗುತ್ತದೆಯೇ ಎಂದು ಕೇಳಿದಳು. ನಾಳೆ ಹೇಳುತ್ತೇನೆ ಎಂದಿದ್ದೇನೆ. ಅವಳಿಗೆ ಸುಳ್ಳು ಹೇಳಲು ನನಗೆ ಮನಸ್ಸಿಲ್ಲ.

ಕಲಬುರಗಿಯ ಭೌತಶಾಸ್ತ್ರ ವಿದ್ಯಾರ್ಥಿ:
ಎರಡನೆಯದಕ್ಕೆ ಉತ್ತರ, ಹೌದು. 1915ರ ನವೆಂಬರ್‌ನಲ್ಲಿ ಐನ್‌ಸ್ಟೈನ್ ಮಂಡಿಸಿದ ಸಮೀಕರಣದ ಒಂದು ಬದಿಯಲ್ಲಿ ವಕ್ರತೆ ಇದೆ. ಇನ್ನೊಂದು ಬದಿಯಲ್ಲಿ ಶಕ್ತಿ, ಸಂವೇಗ, ಒತ್ತಡಗಳಿವೆ. ದ್ರವ್ಯರಾಶಿ ಅಲ್ಲಿಗೆ ಬರುವುದು ಶಕ್ತಿಯ ಒಂದು ರೂಪವಾಗಿ. ಗುಂಡಿನ ಉಷ್ಣತೆಯನ್ನು 500 ಡಿಗ್ರಿ ಏರಿಸಿದರೆ ಅದರ ದ್ರವ್ಯರಾಶಿ ಒಂದು ಗ್ರಾಮಿನ ಸುಮಾರು ಹತ್ತು ಕೋಟಿಯಲ್ಲೊಂದು ಪಾಲಿನಷ್ಟು ಹೆಚ್ಚುತ್ತದೆ. ಶಾಲೆಯ ತಕ್ಕಡಿಗೆ ಅದು ಸಿಗುವುದಿಲ್ಲ. ಹಾಗೆಂದು ಇದನ್ನು ಚಿಲ್ಲರೆ ಸಂಗತಿ ಎಂದು ದಯವಿಟ್ಟು ಹೇಳಬೇಡಿ. ತಣ್ಣನೆಯ ಗುಂಡೂ ಬಹುಪಾಲು ಇಂಥ ಶಕ್ತಿಯೇ. ಪ್ರೋಟಾನಿನ ದ್ರವ್ಯರಾಶಿಯಲ್ಲಿ, ಅದರೊಳಗಿನ ಕಣಗಳಾದ ಕ್ವಾರ್ಕ್‌ಗಳ ಸ್ವಂತ ಪಾಲು ಸುಮಾರು ಶೇಕಡಾ 1; ಉಳಿದದ್ದು ಅವುಗಳ ಓಡಾಟದ ಮತ್ತು ಅವನ್ನು ಕಟ್ಟಿಹಾಕಿದ ಬಲಕ್ಷೇತ್ರದ ಶಕ್ತಿ.

ಬೀದರ್‌ನ ಗಡಿಯಾರ ರಿಪೇರಿಯವರು:
ಮೊದಲ ಪ್ರಶ್ನೆ ನನ್ನ ಕಸುಬಿನದು, ಹಾಗಾಗಿ ಬರೆಯುತ್ತಿದ್ದೇನೆ. ಊರಿನ ಹಳೆಯ ಗೋಪುರ ಚೌಬಾರಾದ ಹತ್ತಿರ ಮೂವತ್ತೆರಡು ವರ್ಷ ಗಡಿಯಾರ ಬಿಚ್ಚಿ ಜೋಡಿಸಿದ್ದೇನೆ. ಚಾದರ ತೋರಿಸುವುದು ಜಾಗದ ಬಾಗನ್ನು. ಮೇಲೆಸೆದ ಕಲ್ಲು ಮರಳಿ ಬೀಳುವುದರಲ್ಲಿ ಅದರ ಪಾಲು ತೀರಾ ಕಡಿಮೆ. ಅಲ್ಲಿ ಬಾಗಿರುವುದು ಕಾಲ. ಚೌಬಾರಾ 71 ಅಡಿ ಎತ್ತರವಿದೆ. ನೆತ್ತಿಯ ಮೇಲಿಟ್ಟ ಗಡಿಯಾರ ಬುಡದಲ್ಲಿಟ್ಟದ್ದಕ್ಕಿಂತ ಮುಂದೆ ಓಡುತ್ತದೆ. ಸ್ಪ್ರಿಂಗು, ಹಲ್ಲುಚಕ್ರ, ಎಣ್ಣೆ ಎಲ್ಲವೂ ಸರಿಯಿದ್ದರೂ ಓಡುತ್ತದೆ. ಒಂದು ಸೆಕೆಂಡು ಮುಂದಾಗಲು ಸುಮಾರು 1.3 ಕೋಟಿ ವರ್ಷ ಬೇಕು, ಅಷ್ಟೇ. ಹೆಚ್ಚುಕಡಿಮೆ ಇದೇ ಎತ್ತರದ, 22.5 ಮೀಟರಿನ ಗೋಪುರವೊಂದರಲ್ಲಿ ಪೌಂಡ್ ಮತ್ತು ರೆಬ್ಕಾ ಎಂಬ ವಿಜ್ಞಾನಿಗಳು ಗಾಮಾ ಕಿರಣ ಹಾಯಿಸಿ ಈ ವ್ಯತ್ಯಾಸವನ್ನು ಅಳೆದರು; ಅದು ಹಾರ್ವರ್ಡ್‌ನಲ್ಲಿ, 1960ರಲ್ಲಿ ಪ್ರಕಟವಾದ ಪ್ರಯೋಗ. ಭೂಮಿಯೊಳಗೆ ಅಡಗಿರುವ ಅಷ್ಟೂ ಶಕ್ತಿ ತನ್ನ ಸಮೀಪದ ಕಾಲವನ್ನು ನಿಧಾನಗೊಳಿಸಿದೆ. ಕೈಬಿಟ್ಟ ವಸ್ತು ಕಾಲ ನಿಧಾನವಾಗಿರುವ ಕಡೆಗೆ ಸರಿಯುತ್ತದೆ, ಅದನ್ನೇ ಬೀಳುವುದು ಎನ್ನುತ್ತೇವೆ. ಇದಕ್ಕೆ ಚಾದರವೂ ಬೇಡ, ಕೆಳಗಿನಿಂದ ಜಗ್ಗುವವರೂ ಬೇಡ. ಆ ಹುಡುಗಿಗೆ ನನ್ನ ನಮಸ್ಕಾರ ತಿಳಿಸಿ.

ಸುರಪುರದ ವಿಜ್ಞಾನ ಶಿಕ್ಷಕಿ:
ತಿಳಿಸಿದೆ. ಶಾಲೆಯ ಪ್ರವಾಸ ಈ ಸಲ ಬೀದರ್‌ಗೆ. ಗಡಿಯಾರಗಳ ಈ ವ್ಯತ್ಯಾಸ ತಿಳಿಯಲು, ಮೀಟರಿನಲ್ಲಿ ಎತ್ತರವನ್ನು ಗುರುತ್ವದ ವೇಗೋತ್ಕರ್ಷವಾದ 9.8ರಿಂದ ಗುಣಿಸಿ ಬೆಳಕಿನ ವೇಗದ ವರ್ಗದಿಂದ ಭಾಗಿಸುವ ಲೆಕ್ಕವನ್ನು ಚೌಬಾರಾದ ಬುಡದಲ್ಲೇ ಅವಳಿಂದ ಮಾಡಿಸುತ್ತೇನೆ. ಸಮೀಕರಣದಲ್ಲಿ ಒತ್ತಡವೂ ಇದೆ ಎಂದಿರಿ. ಒತ್ತಡ ಹೊರಕ್ಕೆ ತಳ್ಳುವಂಥದ್ದು, ಅದು ಹೇಗೆ ಒಳಕ್ಕೆ ಸೆಳೆಯುತ್ತದೆ?

ಕಲಬುರಗಿಯ ಭೌತಶಾಸ್ತ್ರ ವಿದ್ಯಾರ್ಥಿ:
ಎರಡನ್ನೂ ಮಾಡುತ್ತದೆ. ನ್ಯೂಟ್ರಾನ್ ನಕ್ಷತ್ರ, ಅಂದರೆ ದೊಡ್ಡ ನಕ್ಷತ್ರ ಸತ್ತ ಮೇಲೆ ಉಳಿಯುವ ಅತಿ ಸಾಂದ್ರ ತಿರುಳು, ಕುಸಿಯದಂತೆ ತಡೆಯುವ ಒತ್ತಡವೇ ಅದರ ಗುರುತ್ವವನ್ನೂ ಬಲಗೊಳಿಸುತ್ತದೆ. ದ್ರವ್ಯರಾಶಿ ಒಂದು ಮಿತಿ ದಾಟಿದರೆ, ಎಷ್ಟು ಒತ್ತಡವಿದ್ದರೂ ನಕ್ಷತ್ರ ಉಳಿಯುವುದಿಲ್ಲ.