ಲೆಮ್‌ನ ‘ಸೋಲಾರಿಸ್’: ಒಣ ಅಧ್ಯಾಯಗಳನ್ನು ಹಾರಿಸಿ ಓದಬಹುದೇ?

ಪುಟದಂಚು:
ಪೋಲೆಂಡಿನ ವೈಜ್ಞಾನಿಕ ಕಾದಂಬರಿಕಾರ ಸ್ಟಾನಿಸ್ಲಾವ್ ಲೆಮ್ ನನಗೆ ಹೊಸ ಪರಿಚಯ. ಜೀವಂತ ಸಾಗರ ಆವರಿಸಿದ ಗ್ರಹ, ಅದರ ಮೇಲಿನ ನಿಲ್ದಾಣಕ್ಕೆ ಬರುವ ವಿಜ್ಞಾನಿ ಕೆಲ್ವಿನ್, ಇದು ‘ಸೋಲಾರಿಸ್’ ಕಥೆ. ಒಂಬತ್ತನೇ ಅಧ್ಯಾಯದವರೆಗೆ ಆಗಿದೆ. ಹತ್ತು ವರ್ಷದ ಹಿಂದೆ ತೀರಿಕೊಂಡ ಹೆಂಡತಿ ಕೆಲ್ವಿನ್‌ನ ಎದುರು ಕುರ್ಚಿಯಲ್ಲಿ ಕೂತಿರುವ ಆ ದೃಶ್ಯ ತಲೆಯಿಂದ ಹೋಗುತ್ತಲೇ ಇಲ್ಲ. ಆದರೆ ಎರಡನೇ ಮತ್ತು ಎಂಟನೇ ಅಧ್ಯಾಯ ಗ್ರಂಥಾಲಯದಲ್ಲಿ ಕೂತು ಹಳೇ ವರದಿ ಓದಿದ ಹಾಗಿವೆ. ಆ ಸಾಗರದಿಂದ ಏಳುವ ಭಾರೀ ಆಕಾರಗಳಿಗೆ ಮಿಮಾಯ್ಡ್, ಸಿಮೆಟ್ರಿಯಾಡ್ ಅಂತ ಹೆಸರಿಟ್ಟು ಪುಟಗಟ್ಟಲೆ ವಿಂಗಡಣೆ. ಹನ್ನೊಂದನೆಯದೂ ಅದೇ ಥರ ಕಾಣುತ್ತಿದೆ. ಬಿಟ್ಟು ಮುಂದೆ ಹೋದರೆ ಏನು ನಷ್ಟ?
ಇನ್ನೊಂದು ಗೊಂದಲ: ನನ್ನ ಇಂಗ್ಲಿಷ್ ಪ್ರತಿಯಲ್ಲಿ ಆ ಹೆಂಡತಿಯ ಹೆಸರು ರೇಯಾ, ಬೇರೆ ಕಡೆ ಹರೇಯ್ ಅಂತಿದೆ. ಈಗ ಬಂದಿರುವ ಆಕೆಯ ದೇಹ ನ್ಯೂಟ್ರಿನೊ ಎಂಬ ಸೂಕ್ಷ್ಮ ಕಣಗಳಿಂದ ಆದದ್ದು ಎಂಬ ವಿವರಣೆಯನ್ನು ಎಷ್ಟರ ಮಟ್ಟಿಗೆ ನಂಬಬೇಕು ಅನ್ನುವುದನ್ನೂ ತಿಳಿದವರು ಹೇಳಿ. ಕೊನೆ ಮಾತ್ರ ದಯವಿಟ್ಟು ಬೇಡ.

ಎರಡು ಸೂರ್ಯ:
ಬಿಡಬೇಡಿ. ಕಾದಂಬರಿಯ ಬೀಗದ ಕೈ ಇರುವುದೇ ಆ ಪುಟಗಳಲ್ಲಿ.
ಎಂಟನೇ ಅಧ್ಯಾಯದ ಮಿಮಾಯ್ಡ್ ಭಾಗವನ್ನೇ ತೆಗೆದುಕೊಳ್ಳಿ. ಆ ಸಾಗರ ತನ್ನ ಸುತ್ತಲಿನ ವಸ್ತುಗಳ ನಕಲು ಮಾಡುತ್ತದೆ. ಆಕಾರವನ್ನು ಎತ್ತಿಕೊಳ್ಳುತ್ತದೆ, ಕೆಲವೊಮ್ಮೆ ಹಿಗ್ಗಿಸುತ್ತದೆ, ಕೆಲವೊಮ್ಮೆ ಸರಳಗೊಳಿಸುತ್ತದೆ. ಆ ವಸ್ತು ಯಾವುದಕ್ಕೆ ಬಳಕೆಯಾಗುತ್ತದೆ ಅನ್ನುವುದು ಅದಕ್ಕೆ ಬೇಕಿಲ್ಲ. ಜೀವಿಗಳನ್ನಂತೂ ಮಿಮಾಯ್ಡ್ ನಕಲು ಮಾಡುವುದೇ ಇಲ್ಲ. ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಹಿಂದಕ್ಕೆ ಹೋಗಿ ಹರೇಯ್‌ಳ ಉಡುಪಿನ ಪ್ರಸಂಗ ಓದಿ. ಮುಂಭಾಗದಲ್ಲಿ ಗುಂಡಿಗಳ ಸಾಲು ಇದೆ, ಆದರೆ ಅವು ಬರೀ ಅಲಂಕಾರಕ್ಕೆ. ಉಡುಪು ಬಿಚ್ಚಲು ಜಿಪ್ ಇಲ್ಲ, ಕೊಕ್ಕೆ ಇಲ್ಲ, ಕತ್ತರಿಸಿಯೇ ತೆಗೆಯಬೇಕು. ಕೆಲ್ವಿನ್‌ನ ನೆನಪಿನಲ್ಲಿ ಉಳಿದದ್ದು ಆ ಉಡುಪಿನ ನೋಟ ಮಾತ್ರ, ಹೊಲಿಗೆಯಲ್ಲ. ಸಾಗರ ಹೊಲಿದದ್ದೂ ಅಷ್ಟನ್ನೇ. ಮೊದಲ ಸಲ ಓದುವಾಗ ಅದು ಮೈ ಜುಮ್ಮೆನ್ನಿಸುವ ಒಂದು ವಿವರ, ಅಷ್ಟೆ. ಮಿಮಾಯ್ಡ್ ಪುಟಗಳ ನಂತರ ಅದೇ ಸಾಕ್ಷ್ಯವಾಗುತ್ತದೆ: ಜೀವಿಗಳನ್ನು ನಕಲು ಮಾಡದ ಸಾಗರ ಈಗ ಮಾಡಿದೆ, ಆದರೆ ಮಾಡುವ ರೀತಿ ಬದಲಾಗಿಲ್ಲ.
ಎರಡನೇ ಅಧ್ಯಾಯದಲ್ಲಿ ಒಂದೇ ಎಳೆ ಹಿಡಿದರೆ ಸಾಕು. ಗ್ರಹಕ್ಕೆ ಒಂದು ಕೆಂಪು ಸೂರ್ಯ, ಒಂದು ನೀಲಿ ಸೂರ್ಯ. ಲೆಕ್ಕದ ಪ್ರಕಾರ 5 ಲಕ್ಷ ವರ್ಷಗಳೊಳಗೆ ಅದು ಕೆಂಪು ಸೂರ್ಯನಿಂದ ಅರ್ಧ ಖಗೋಳಮಾನದಷ್ಟು (ಭೂಮಿಗೂ ಸೂರ್ಯನಿಗೂ ಇರುವ ದೂರದ ಅರ್ಧದಷ್ಟು) ಹತ್ತಿರಕ್ಕೆ ಸರಿಯಬೇಕು. ಅಳತೆ ಮಾಡಿದರೆ ಕಕ್ಷೆ ಅಲುಗುವುದೇ ಇಲ್ಲ. ಸಾಗರವೇ ಅದನ್ನು ಹಿಡಿದಿಟ್ಟಿದೆ. ಅಲ್ಲಿಂದ ಶುರುವಾಗುವ ಪಂಡಿತರ ಜಗಳಗಳ ಹೆಸರುಗಳನ್ನೆಲ್ಲ ನೆನಪಿಟ್ಟುಕೊಳ್ಳುವ ಅಗತ್ಯವಿಲ್ಲ. ಯಾರು ಏನಂದರು ಅನ್ನುವುದಕ್ಕಿಂತ, ಪ್ರತಿ ತಲೆಮಾರೂ ಹಿಂದಿನವರ ಸಿದ್ಧಾಂತ ಕೆಡವಿ ಅಷ್ಟೇ ಕುರುಡಾಗಿ ತನ್ನದೊಂದನ್ನು ಕಟ್ಟುವುದನ್ನು ಗಮನಿಸಿ. ಸಿಮೆಟ್ರಿಯಾಡ್ ಒಳಗೆ 106 ಜನ ಸತ್ತ ದುರಂತದ ಪುಟಗಳನ್ನು ಮಾತ್ರ ನಿಧಾನವಾಗಿ ಓದಿ. ಹನ್ನೊಂದನೆಯದನ್ನು ಒಂದೇ ಕೂರುವಿಕೆಯಲ್ಲಿ ಮುಗಿಸಿ. ನಡುವೆ ನಿಲ್ಲಿಸಿದರೆ ವಾದದ ಎಳೆ ತಪ್ಪುತ್ತದೆ.

ಕಾಗದದ ದೋಣಿ:
ಹೆಸರಿನ ಗೊಂದಲ ಅನುವಾದದ್ದು. ಮೂಲ ಪೋಲಿಷ್ ಬಂದದ್ದು 1961ರಲ್ಲಿ. ಅದರ ಫ್ರೆಂಚ್ ಅನುವಾದದಿಂದ 1970ರಲ್ಲಿ ಇಂಗ್ಲಿಷ್ ಮಾಡಿದರು, ಅಂದರೆ ಅನುವಾದದ ಅನುವಾದ. ಅಲ್ಲಿ ಹರೇಯ್ ಅಕ್ಷರ ಹಿಂದುಮುಂದಾಗಿ ರೇಯಾ ಆದಳು, ನಿಲ್ದಾಣದ ವಿಜ್ಞಾನಿ ಸ್ನೌಟ್ ಹೋಗಿ ಸ್ನೋ ಆದ. ಇಂಗ್ಲಿಷ್ ಚೆನ್ನಾಗಿ ಓದಬಲ್ಲವರಾಗಿದ್ದ ಲೆಮ್‌ಗೆ ಆ ಅನುವಾದ ಹಿಡಿಸಿರಲಿಲ್ಲ. ಪೋಲಿಷ್‌ನಿಂದ ನೇರವಾಗಿ ಬಿಲ್ ಜಾನ್‌ಸ್ಟನ್ ಮಾಡಿದ ಅನುವಾದ 2011ರಲ್ಲಿ ಬಂತು, ಮೊದಲು ಆಡಿಯೊ ಪುಸ್ತಕವಾಗಿ, ಆಮೇಲೆ ಇ-ಪುಸ್ತಕವಾಗಿ.
ಕೊಳ್ಳುವ ಮುಂಚೆ ಮಾದರಿ ಪುಟ ತೆರೆದು ಮೊದಲ ಅಧ್ಯಾಯ ನೋಡಿ. ಕೆಲ್ವಿನ್‌ಗೆ ನಿಲ್ದಾಣದಲ್ಲಿ ಮೊದಲು ಎದುರಾಗುವವನು ಸ್ನೌಟ್ ಅಂತಿದ್ದರೆ ಹೊಸದು, ಸ್ನೋ ಅಂತಿದ್ದರೆ ಹಳೆಯದು. ಮುಖಪುಟ ನೋಡಿ ನಿರ್ಧರಿಸಬೇಡಿ, ಹಳೇ ಅನುವಾದಕ್ಕೂ ಹೊಸ ಹೊದಿಕೆ ಹಾಕಿ ಮಾರುತ್ತಾರೆ. ನೀವು ಈಗಾಗಲೇ ಒಂಬತ್ತರವರೆಗೆ ಬಂದಿದ್ದೀರಿ, ಇದರಲ್ಲೇ ಮುಗಿಸಿಬಿಡಿ. ಎರಡನೇ ಓದಿಗೆ ಹೊಸದು ತೆಗೆದುಕೊಳ್ಳಿ.

ಪರಮಾಣು ಪ್ರಿಯ:
ನ್ಯೂಟ್ರಿನೊ ವಿಷಯ. ಭೌತವಿಜ್ಞಾನವಾಗಿ ಅದು ನಿಲ್ಲುವುದಿಲ್ಲ. ನ್ಯೂಟ್ರಿನೊಗೆ ವಿದ್ಯುದಾವೇಶವಿಲ್ಲ, ಪರಮಾಣುವಿನ ನ್ಯೂಕ್ಲಿಯಸ್ಸನ್ನು ಬಿಗಿದಿಡುವ ಪ್ರಬಲ ಬಲವೂ ಅದಕ್ಕೆ ತಾಗುವುದಿಲ್ಲ. ಒಂದಕ್ಕೊಂದು ಅಂಟಿಕೊಂಡು ರಕ್ತ, ಚರ್ಮ ಆಗುವ ದಾರಿಯೇ ಇಲ್ಲ. ಲೆಮ್‌ಗೆ ಇದು ಗೊತ್ತಿತ್ತು. ಅಂಥ ರಚನೆ ತಾನಾಗಿ ನಿಲ್ಲದು ಎಂಬ ಆಕ್ಷೇಪವನ್ನು ಪಾತ್ರಗಳ ಬಾಯಲ್ಲೇ ಹೇಳಿಸಿ, ಸಾಗರದ ಕ್ಷೇತ್ರವೇ ಅದನ್ನು ಹಿಡಿದಿಟ್ಟಿರಬೇಕು ಎಂದು ಊಹೆ ಕಟ್ಟಿಸುತ್ತಾರೆ.
ಕಾಲವನ್ನೂ ನೋಡಿ. ನ್ಯೂಟ್ರಿನೊ ಪ್ರಯೋಗದಲ್ಲಿ ಸಿಕ್ಕಿದ್ದು 1956ರಲ್ಲಿ, ಕಾದಂಬರಿ ಅದಾಗಿ ಐದೇ ವರ್ಷಕ್ಕೆ. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳನ್ನು ಮೊದಲು ದಾಖಲಿಸಿದ ಪ್ರಯೋಗಗಳಲ್ಲಿ ಒಂದು ನಡೆದದ್ದು ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ, 1965ರಲ್ಲಿ, ನೆಲದಿಂದ 2 ಕಿ.ಮೀ.ಗೂ ಹೆಚ್ಚು ಆಳದಲ್ಲಿ. ಅಷ್ಟು ಆಳಕ್ಕೆ ಹೋದದ್ದು ಮೇಲಿನ ಬಂಡೆ ಉಳಿದ ಕಾಸ್ಮಿಕ್ ಕಣಗಳನ್ನು ತಡೆಯಲಿ ಎಂದು. ಇಡೀ ಭೂಮಿಯನ್ನೇ ತೂರಿ ಹೋಗುವ ಕಣದಿಂದ ಮುಟ್ಟಬಹುದಾದ ಒಂದು ಕೈ ಮಾಡುವುದು! ಲೆಮ್ ಬೇಕೆಂದೇ ಆರಿಸಿದ್ದಾರೆ ಅನ್ನಿಸುತ್ತದೆ.
ನಿಜವಾದ ವಿಜ್ಞಾನ ನಾಲ್ಕನೇ ಅಧ್ಯಾಯದಲ್ಲಿದೆ. ತನಗೆ ಹುಚ್ಚು ಹಿಡಿದಿದೆಯೇ ಎಂದು ಕೆಲ್ವಿನ್ ಪರೀಕ್ಷಿಸಿಕೊಳ್ಳುವ ಕ್ರಮವನ್ನು ಮತ್ತೊಮ್ಮೆ ಓದಿ. ಗ್ರಹ ಸುತ್ತುತ್ತಿರುವ ಉಪಗ್ರಹದಿಂದ ಅದು ದಾಟುವ ರೇಖಾಂಶಗಳನ್ನು ಐದು ದಶಮಾಂಶ ಸ್ಥಾನದವರೆಗೆ ಕೇಳುತ್ತಾನೆ. ಉತ್ತರ ಬಂದಾಗ ನೋಡುವುದಿಲ್ಲ, ಡ್ರಾಯರಿನಲ್ಲಿ ಹಾಕುತ್ತಾನೆ. ಅದೇ ಲೆಕ್ಕವನ್ನು ನಿಲ್ದಾಣದ ದೊಡ್ಡ ಗಣಕಯಂತ್ರದ ನೆರವಿನಿಂದ ಬೇರೆಯಾಗಿ ಮಾಡಿ, ಆಮೇಲೆ ಎರಡನ್ನೂ ಪಕ್ಕ ಪಕ್ಕ ಇಡುತ್ತಾನೆ. ನಾಲ್ಕು ಸ್ಥಾನದವರೆಗೆ ಹೊಂದುತ್ತದೆ. ಅಂಥ ಲೆಕ್ಕ ಅವನ ಮಿದುಳಿನ ಶಕ್ತಿಗೆ ಮೀರಿದ್ದು, ಹಾಗಾಗಿ ಭ್ರಮೆ ಅದನ್ನು ಹುಟ್ಟಿಸಲಾರದು. ಮೊದಲೇ ಉತ್ತರ ನೋಡಿಬಿಟ್ಟಿದ್ದರೆ ಪರೀಕ್ಷೆ ಕೆಡುತ್ತಿತ್ತು, ಯಾಕೆಂದರೆ ಭ್ರಮೆಯೇ ಎರಡನೇ ಅಂಕಿಯನ್ನು ಮೊದಲನೆಯದಕ್ಕೆ ಹೊಂದಿಸಿ ತೋರಿಸಬಹುದಿತ್ತು.

ಪುಟದಂಚು:
ಗುಂಡಿಗಳ ವಿವರ ಕಣ್ಣಿಗೆ ಬಿದ್ದಿತ್ತು, ಮಿಮಾಯ್ಡ್ ಜೊತೆ ಸೇರಿಸಿ ನೋಡಿರಲಿಲ್ಲ. ಎಂಟನ್ನು ಮತ್ತೆ ಓದುತ್ತೇನೆ. ಎಲ್ಲರಿಗೂ ಧನ್ಯವಾದ. ಇದಾದ ಮೇಲೆ ಲೆಮ್‌ರ ಯಾವುದು?

ಎರಡು ಸೂರ್ಯ:
‘ದಿ ಇನ್ವಿನ್ಸಿಬಲ್’, 1964ರದು. ಕಳೆದುಹೋದ ನೌಕೆಯನ್ನು ಹುಡುಕಿ ಇನ್ನೊಂದು ನೌಕೆ ಬರುತ್ತದೆ. ಎದುರಾಳಿ ನೊಣದಂಥ ಲೋಹದ ಕಣಗಳ ಮೋಡ, ಅದರ ಹಿಂದೆ ಬುದ್ಧಿಯೇ ಇಲ್ಲ. ಓಟ ಚುರುಕಾಗಿದೆ. ಇದಕ್ಕೂ ಎರಡು ಇಂಗ್ಲಿಷ್ ಅನುವಾದಗಳಿವೆ: 1973ರದು ಜರ್ಮನ್ ಮೂಲಕ ಬಂದದ್ದು, 2006ರ ಜಾನ್‌ಸ್ಟನ್‌ರದು ನೇರ. ಎರಡನೆಯದನ್ನೇ ಕೇಳಿ ತೆಗೆದುಕೊಳ್ಳಿ.

ಪರಮಾಣು ಪ್ರಿಯ:
ಅದಾದ ಮೇಲೆ ‘ಹಿಸ್ ಮಾಸ್ಟರ್ಸ್ ವಾಯ್ಸ್’. ಆಕಾಶದಿಂದ ಸಂಕೇತವೊಂದು ಬರುತ್ತದೆ, ಅದೂ ನ್ಯೂಟ್ರಿನೊ ಹರಿವಿನಲ್ಲಿ! ಗಣಿತಜ್ಞನೊಬ್ಬ ಬರೆದಿಟ್ಟ ಟಿಪ್ಪಣಿಯ ರೂಪದಲ್ಲಿದೆ. ಶುರುವಿನಲ್ಲಿ ಆತ ತನ್ನ ಸ್ವಭಾವದ ಬಗ್ಗೆಯೇ ಬಹಳ ಹೊತ್ತು ಮಾತಾಡುತ್ತಾನೆ, ಅಲ್ಲಿ ಕೈಬಿಡಬೇಡಿ. ‘ಸೋಲಾರಿಸ್’ನ ಹನ್ನೊಂದನೇ ಅಧ್ಯಾಯ ಹಿಡಿಸಿದರೆ ಇದು ಖಂಡಿತ ಹಿಡಿಸುತ್ತದೆ.